ಕಿಚ್ಚಿನ ಹಬ್ಬವೂ ದನಗಾಹಿಯ ಹಾಡೂ

ಬೆಂಗಳೂರಿನ ಪಡುವಣ ಭಾಗದಲ್ಲಿ ಮಕರ ಸಂಕ್ರಾಂತಿಯ ಸಂಜೆ ಇಂದಿಗೂ ದನಗಳ ಹಬ್ಬವೇ ಆಗಿರುವುದು. ೧೯೪೯ರಲ್ಲಿ ರಾಜಾಜಿನಗರಕ್ಕೆ ಅಸ್ತಿಭಾರ ಬೀಳುವುದಕ್ಕೆ ಮೊದಲು ಅಲ್ಲಿದ್ದುದು ಕೇತಮಾರನಹಳ್ಳಿಯಂತಹ ಗ್ರಾಮಗಳು. ವಿಜಯನಗರದ ಮಗ್ಗುಲಿಗೆ ಹೊಸಹಳ್ಳಿ, ಬಸವೇಶ್ವರನಗರದ ಮಗ್ಗುಲಿಗೆ ಸಾಣೆಗುರುವನಹಳ್ಳಿ. ಹೊಲಗಳು ಹೋದುವು, ಹೆಸರುಗಳು ಉಳಿದುವು. ಹೆಸರುಗಳೊಡನೆ ಹಾಲಿಗಾಗಿ ಸಾಕಿದ ಕೆಲವು ಹಸುಗಳೂ ಉಳಿದುವು. ಕೆಂಗೇರಿಗೆ ೨೦೨೧ರಲ್ಲಿ ಮೆಟ್ರೋ ರೈಲು ಬಂದಿತು. ವೃಷಭದ ಹೆಸರನ್ನೇ ಹೊತ್ತ ವೃಷಭಾವತಿಯು ಅಲ್ಲಿ ಊರ ಕೊಚ್ಚೆಯನ್ನು ಹೊತ್ತು ಹರಿಯುವಳೆಂಬುದನ್ನು ಹೇಳದಿರುವುದೇ ಲೇಸು.

ಅಂದು ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಹೂವಿನ ಹಾರ ಹಾಕುವರು. ಹೊತ್ತು ಮುಳುಗಿದೊಡನೆ ಬೀದಿಗೆ ಅಡ್ಡಲಾಗಿ ಹುಲ್ಲು ಹರಡಿ ಕಿಚ್ಚಿಟ್ಟು ಅವನ್ನು ಹಾಯಿಸುವರು. ಇದರಿಂದ ಉಣ್ಣೆಗಳು ಉದುರುವುವೆಂದು ಹಿರಿಯರ ಹೇಳಿಕೆ. ಕ್ಷಣಮಾತ್ರದ ಉರಿಯಿಂದ ಅಷ್ಟಾಗುವುದೆಂದು ನಂಬುವುದು ಕಷ್ಟ. ಆದರೂ ಬಾಲವೆತ್ತಿ ಉರಿಯನ್ನು ದಾಟುವ ಎತ್ತನ್ನು ನೋಡಿ ಉಬ್ಬದ ಮಕ್ಕಳಿಲ್ಲ.

ಈ ಹಬ್ಬದಲ್ಲಿ ದನವುಂಟು, ಬೆಂಕಿಯುಂಟು, ಧ್ವನಿವರ್ಧಕದಲ್ಲಿ ಚಲಚ್ಚಿತ್ರದ ಗೀತೆಯುಂಟು. ದನ ಕಾಯುವವನ ಹಾಡು ಮಾತ್ರವಿಲ್ಲ.

ಅಮೆರಿಕಾ ದೇಶದ ನೆವಾಡಾ ಪ್ರಾಂತದಲ್ಲಿ ಎಲ್ಕೊ ಎಂಬ ಸಣ್ಣ ಪಟ್ಟಣವಿದೆ. ೧೯೮೫ರಲ್ಲಿ ಜಾನಪದ ವಿದ್ವಾಂಸರು ಕೆಲವರು ಸೇರಿ ಅಲ್ಲಿ ದನಗಾಹಿಗಳ ಕವಿಗೋಷ್ಠಿಯೊಂದನ್ನು ಏರ್ಪಡಿಸಿದರು. ಅಂದಿನಿಂದ ಅದು ಚಳಿಗಾಲದ ಉತ್ಸವವಾಗಿ ಬೆಳೆದಿದೆ. ಕುದುರೆಯಿಂದಿಳಿದ ದನಗಾಹಿಯೇ ವೇದಿಕೆಯ ಮೇಲೆ ನಿಂತು ತನ್ನ ಪದ್ಯವನ್ನು ತಾನೇ ಹೇಳುವನು, ಊರವರು ಕೇಳುವರು. ಆ ಸಭೆಗೆ ನಾವು ಕೊಡುವ ಹೆಸರೇ ವಿಚಾರಯೋಗ್ಯವಾದುದು. ಗೋಷ್ಠವೆಂದರೆ ದನದ ಹಟ್ಟಿ. ಗೋಷ್ಠಿ ಎಂಬ ಶಬ್ದ ಹುಟ್ಟಿದುದು ಅದರಿಂದಲೇ. ಶಾಲು ಹೊದೆದು ಕವಿಗೋಷ್ಠಿಯಲ್ಲಿ ಕುಳಿತುಕೊಳ್ಳುವ ನಮ್ಮ ವಿದ್ವಾಂಸರು ಹಟ್ಟಿಯ ಹೆಸರನ್ನು ಇಟ್ಟುಕೊಂಡು ಹಟ್ಟಿಯವನನ್ನು ಹೊರಗೆ ನಿಲ್ಲಿಸಿದ್ದಾರೆ.

ಕನ್ನಡದಲ್ಲಿ ಅಂತಹ ಹಾಡಿಲ್ಲವೆಂದಲ್ಲ. ಕಾಡುಗೊಲ್ಲರ ಆರಾಧ್ಯನಾದ ಜುಂಜಪ್ಪನು ದನಗಾಹಿಯೇ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿ ಅವನ ಗುಡ್ಡೆಯಿದೆ. ಅವನ ಚರಿತ್ರೆಯನ್ನು ಗೊಲ್ಲರು ಗಣೆಯೆಂಬ ನೀಳವಾದ ಬಿದಿರ ಕೊಳಲಿನೊಡನೆ ಹಾಡುವರು. ಪಕ್ಕದ ಚಳ್ಳಕೆರೆಯ ಕಡೆ ಮ್ಯಾಸಬೇಡರು ದೇವರ ಎತ್ತುಗಳನ್ನು ಕಾಪಾಡುವರು; ಅವನ್ನು ಮೇಯಿಸುವವನಿಗೆ ಕಿಲಾರಿ ಎಂದು ಹೆಸರು. ಇವು ಪುಸ್ತಕದಿಂದ ಕಲಿಯುವ ಹಾಡುಗಳಲ್ಲ. ಹಗಲೆಲ್ಲ ದನಗಳ ಹಿಂದೆ ಅಲೆಯುವಾಗ ಮಗನು ತಂದೆಯ ಬಾಯಿಂದ ಕಲಿಯತಕ್ಕವು. ಮೇವಿನ ನೆಲ ಕುಗ್ಗಿದಷ್ಟೂ ಆ ಪಾಠಶಾಲೆಯೂ ಕುಗ್ಗುವುದು. ಮೈಸೂರು ಅರಸರ ಬೆಣ್ಣೆಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿತಷ್ಟೆ. ಅದರ ದನಗಳಿಗೆಂದು ಮೀಸಲಾಗಿದ್ದ ಕಾವಲುಗಳಲ್ಲಿ ಚಳ್ಳಕೆರೆಯ ಕಡೆಯ ಸಾವಿರಾರು ಎಕರೆಗಳು ಈ ಶತಮಾನದಲ್ಲಿ ವಿಜ್ಞಾನ ಸಂಸ್ಥೆಗಳ ಪಾಲಾದುವು. ವಿಜ್ಞಾನ ಬೇಡವೆನ್ನುವವರು ಯಾರು? ಆದರೆ ಬೇಲಿಯ ಹೊರಗೆ ನಿಂತ ದನದ ಮಾತನ್ನು ಆಡುವವನು ಆ ಹಾಡುಗಾರನೊಬ್ಬನೇ.

ಶಿರಾದಿಂದ ತುಮಕೂರು ರಸ್ತೆ ಹಿಡಿದು ಬರುವವನಿಗೆ ರಾಜಾಜಿನಗರ ದೂರವಲ್ಲ. ಸಂಕ್ರಾಂತಿಗೆ ಚಪ್ಪರ ಹಾಕುವ ಬಡಾವಣೆಯ ಸಂಘಗಳು ವಾದ್ಯಗೋಷ್ಠಿಗೆ ಎತ್ತುವ ಚಂದಾದಲ್ಲಿ ಒಂದು ಪಾಲನ್ನು ತೆಗೆದಿಟ್ಟರೆ, ಗಣೆಯವನನ್ನು ಕರೆತಂದು ಕಿಚ್ಚು ಹೊತ್ತಿಸುವ ಮುನ್ನ ಒಂದು ಗಳಿಗೆ ಕೂರಿಸಬಹುದು. ಅಷ್ಟು ಹೊತ್ತು ಧ್ವನಿವರ್ಧಕವನ್ನು ನಿಲ್ಲಿಸಬೇಕಾದೀತು. ಬಿದಿರಿನ ಉಸಿರು ಅದರೆದುರು ಕೇಳಿಸದು.