ದೇಹದ ಹಕ್ಕು, ದಾಂಪತ್ಯದ ಹಕ್ಕು



ಮನೆಯಲ್ಲಿ ಯಾರಿಗೆ ಕಾಯಿಲೆ ಬಂದರೂ ಆರೈಕೆಗೆ ನಿಲ್ಲುವವಳು ಹೆಣ್ಣು. ಅವಳಿಗೇ ಕಾಯಿಲೆ ಬಂದರೆ, "ಮಕ್ಕಳ ಪರೀಕ್ಷೆ ಮುಗಿಯಲಿ, ನಾದಿನಿಯ ಮದುವೆ ಕಳೆಯಲಿ" ಎಂದು ಚಿಕಿತ್ಸೆಯನ್ನು ಮುಂದೂಡುವವಳೂ ಅವಳೇ. ಹಾಗಾದರೆ ಗಂಡ ಹೆಂಡತಿ ಇಬ್ಬರಿಗೂ ಒಂದೇ ಕಾಯಿಲೆ, ಒಂದೇ ಚಿಕಿತ್ಸೆ ಎಂದಾದರೆ ಏನು ಮಾಡಬೇಕು? ನಾವು ಈ ಪ್ರಶ್ನೆಯನ್ನು ಎದುರಿಸಿದವರು.

ನನ್ನ ಪತಿಯ ತೂಕ 118 ಕಿಲೋ ಇತ್ತು. ಹತ್ತು ವರ್ಷಗಳ ಸಕ್ಕರೆ ಕಾಯಿಲೆ. ಮಾತ್ರೆ ಸಾಲದೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು. ನಾನು 102 ಕಿಲೋ. ಸುಜೂದ್‌ನಿಂದ ಏಳಲಾಗದೆ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡುತ್ತಿದ್ದೆ. ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟಿ ಎಚ್ಚರವಾಗುತ್ತಿತ್ತು. ನಡಿಗೆ, ಪಥ್ಯ ಎಲ್ಲವನ್ನೂ ಮಾಡಿದ್ದೆವು. ಇಳಿದ ತೂಕ ಮತ್ತೆ ಏರುತ್ತಿತ್ತು. ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿಎಂಐ ಇಬ್ಬರದ್ದೂ 40 ದಾಟಿತ್ತು. ಕೊನೆಗೆ ವೈದ್ಯರು ಇಬ್ಬರಿಗೂ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ಸಲಹೆ ನೀಡಿದರು.

ಇದು ಕೊಬ್ಬು ಕತ್ತರಿಸಿ ತೆಗೆಯುವ ಚಿಕಿತ್ಸೆಯಲ್ಲ. ನನಗೆ ಮಾಡಿದ್ದು ಸ್ಲೀವ್. ಹೊಟ್ಟೆಯ ಮೇಲೆ ಸಣ್ಣ ರಂಧ್ರಗಳನ್ನು ಮಾಡಿ, ಜಠರದ ಮುಕ್ಕಾಲು ಭಾಗದಷ್ಟನ್ನು ತೆಗೆದು ಬಾಳೆಹಣ್ಣಿನ ಆಕಾರದ ಕೊಳವೆಯನ್ನಷ್ಟೇ ಉಳಿಸುತ್ತಾರೆ. ಸಕ್ಕರೆ ಕಾಯಿಲೆಯ ಕಾರಣ ಅವರಿಗೆ ಬೈಪಾಸ್ ಮಾಡಿದರು. ಅದರಲ್ಲಿ ಜಠರದ ಮೇಲ್ಭಾಗದಲ್ಲಿ ಸಣ್ಣ ಚೀಲ ಮಾಡಿ, ಅದನ್ನು ಸಣ್ಣಕರುಳಿಗೆ ಜೋಡಿಸುತ್ತಾರೆ. ತಿನ್ನುವ ಜಾಗ ಕಡಿಮೆಯಾಗುವುದಲ್ಲದೆ ಹಸಿವಿನ ಹಾರ್ಮೋನುಗಳೂ ಬದಲಾಗುತ್ತವೆ.

"ಅಲ್ಲಾಹನು ಕೊಟ್ಟ ಅಂಗವನ್ನು ಕತ್ತರಿಸುವುದೇ?" ಎಂದು ಬಂಧುಗಳು ಕೇಳಿದರು. ಅಂದಕ್ಕಾಗಿ ರೂಪ ಬದಲಿಸುವುದು ಬೇರೆ, ರೋಗಕ್ಕೆ ಮದ್ದು ಮಾಡುವುದು ಬೇರೆ. ಚಿಕಿತ್ಸೆ ಪಡೆಯಿರೆಂದು ಪ್ರವಾದಿ(ಸ) ಹೇಳಿದ್ದಾರೆ. ಸದಾ ಉಪವಾಸ, ರಾತ್ರಿಯಿಡೀ ನಮಾಝ್ ಎಂದು ದಣಿಯುತ್ತಿದ್ದ ಅಬ್ದುಲ್ಲಾ ಬಿನ್ ಅಮ್ರ್(ರ)ರಿಗೆ, ದೇಹಕ್ಕೂ ಅವರ ಮೇಲೆ ಹಕ್ಕಿದೆ, ಪತ್ನಿಗೂ ಹಕ್ಕಿದೆ ಎಂದು ಪ್ರವಾದಿ(ಸ) ತಿಳಿಹೇಳಿದರು. ದೇಹದ ಹಕ್ಕು, ಸಂಗಾತಿಯ ಹಕ್ಕು ಎರಡನ್ನೂ ಅಲ್ಲಿ ಒಟ್ಟಿಗೇ ಹೇಳಲಾಗಿದೆ.

ನನ್ನ ಮನಸ್ಸಿಗೆ ನಾಟಿದ್ದು ಇನ್ನೊಂದು ಮಾತು. "ಅವನಿಗೆ ಮಾಡಿಸಲಿ. ನಿನಗೇಕೆ? ನೀನು ಅನ್ನ ಬಿಟ್ಟರೆ ಸಾಕು." ಆಗ ಪತಿ, "ನನ್ನ ಕಾಯಿಲೆಗೆ ಮದ್ದು, ಇವಳ ಕಾಯಿಲೆಗೆ ಬರೀ ಪಥ್ಯವೇ?" ಎಂದು ಕೇಳಿದರು. ಮತ್ತೆ ಯಾರೂ ಮಾತಾಡಲಿಲ್ಲ.

ಇಬ್ಬರೂ ಒಟ್ಟಿಗೆ ಮಲಗಿದರೆ ನೋಡಿಕೊಳ್ಳುವವರು ಯಾರು? ಅದಕ್ಕಾಗಿ ಆರು ವಾರಗಳ ಅಂತರ ಇಟ್ಟೆವು. ಮೊದಲು ಅವರು, ನಂತರ ನಾನು. ಆರಂಭದಲ್ಲಿ ಬರೀ ದ್ರವಾಹಾರ, ಆಮೇಲೆ ಅರೆದದ್ದು, ಮತ್ತೆ ಮೆತ್ತಗಿನದ್ದು. ಊಟದ ಜೊತೆ ನೀರು ಕುಡಿಯುವಂತಿಲ್ಲ. ನನ್ನ ಸರದಿ ಬಂದಾಗ, ಉಪ್ಪಿನ ಡಬ್ಬಿ ಎಲ್ಲಿದೆಯೆಂದು ತಿಳಿಯದವರು ಕೋಳಿಯ ಸೂಪು ಸೋಸಿದರು, ಬೇಯಿಸಿದ ಹೆಸರುಕಾಳನ್ನು ಅರೆದರು. ಗಂಡಸು ಒಲೆಯ ಮುಂದೆ ನಿಂತದ್ದು ಅತ್ತೆಗೆ ಸರಿಬರಲಿಲ್ಲ. ಪ್ರವಾದಿ(ಸ) ಮನೆಗೆಲಸದಲ್ಲಿ ನೆರವಾಗುತ್ತಿದ್ದರೆಂದು ಆಯಿಶಾ(ರ) ತಿಳಿಸಿರುವುದನ್ನು ಅವರು ತಾಯಿಗೆ ನೆನಪಿಸಿದರು.

ಆದರೂ ಎಲ್ಲವೂ ಸಲೀಸಾಗಿರಲಿಲ್ಲ. ಆರು ತಿಂಗಳಲ್ಲಿ ಅವರು 34 ಕಿಲೋ ಇಳಿದರು, ಇನ್ಸುಲಿನ್ ನಿಂತಿತು. ನಾನು 23 ಕಿಲೋ ಇಳಿದೆ. ಕೂದಲು ಉದುರತೊಡಗಿತು. ಮದುವೆ ಮನೆಗಳಲ್ಲಿ ಅವರನ್ನು ಕಂಡು "ಹುಡುಗನಂತೆ ಆಗಿದ್ದಾನೆ" ಎನ್ನುವವರು ನನ್ನನ್ನು ಕಂಡು "ಮುಖ ಬಾಡಿಹೋಗಿದೆ" ಎನ್ನುತ್ತಿದ್ದರು. ಅಸೂಯೆ, ಅಂಜಿಕೆ ಎರಡೂ ಆಯಿತು. ಸ್ವೀಡನ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಚಿಕಿತ್ಸೆಯ ನಂತರ ಒಂಟಿಯಾಗಿದ್ದವರಲ್ಲಿ ಮದುವೆಗಳೂ, ಮದುವೆಯಾದವರಲ್ಲಿ ವಿಚ್ಛೇದನಗಳೂ ಹೆಚ್ಚಿದ್ದನ್ನು ಗುರುತಿಸಿತ್ತು. ದೇಹ ಬದಲಾದಂತೆ ಸಂಬಂಧವೂ ಅಲುಗಾಡುತ್ತದೆ. ಇಬ್ಬರೂ ಕುಳಿತು ಮಾತಾಡಿದೆವು. ಒಬ್ಬರ ತೂಕವನ್ನು ಇನ್ನೊಬ್ಬರು ಕೇಳಬಾರದು. ಅಸರ್ ನಂತರ ಜೊತೆಯಾಗಿ ನಡೆಯಬೇಕು ಎಂದು ನಿಶ್ಚಯಿಸಿದೆವು.

ಆ ವರ್ಷ ರಮಝಾನ್ ಉಪವಾಸ ಬೇಡವೆಂದು ವೈದ್ಯರು ಇಬ್ಬರಿಗೂ ಹೇಳಿದರು. ದಿನವಿಡೀ ಗುಟುಕು ಗುಟುಕಾಗಿ ನೀರು ಕುಡಿಯದಿದ್ದರೆ ದೇಹ ಒಣಗುತ್ತದೆ. ರೋಗಿಗೆ ವಿನಾಯಿತಿ ಇದೆಯೆಂದು ಮಕ್ಕಳಿಗೆ ಪ್ರತಿವರ್ಷ ಪಾಠ ಹೇಳುವವಳು ನಾನು. ಆದರೂ ಇಫ್ತಾರಿನ ಹೊತ್ತಿಗೆ ಕಣ್ಣು ತುಂಬಿತು. ಮರುವರ್ಷ ವೈದ್ಯರ ಒಪ್ಪಿಗೆ ಪಡೆದು ಡಿಸೆಂಬರಿನ ಸಣ್ಣ ಹಗಲುಗಳಲ್ಲಿ ಆ ಉಪವಾಸಗಳನ್ನು ಕಝಾ ಮಾಡಿದೆವು.

ಸಹೋದರಿಯರೇ, ಈ ಚಿಕಿತ್ಸೆಯ ಯೋಚನೆ ನಿಮ್ಮ ಮನೆಯಲ್ಲಿದ್ದರೆ ಕೆಲವು ವಿಷಯಗಳು ನೆನಪಿರಲಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಇವುಗಳನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕಾಗುತ್ತದೆ. ಕ್ಯಾಪ್ಸೂಲಿನ ಜೆಲಾಟಿನ್ ಬಗ್ಗೆ ಅನುಮಾನವಿದ್ದರೆ ಮಾತ್ರೆಯ ರೂಪದಲ್ಲಿರುವುದನ್ನು ಕೇಳಿ. ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ. ಆದರೆ 12ರಿಂದ 18 ತಿಂಗಳು ಗರ್ಭಧಾರಣೆ ಬೇಡವೆನ್ನುತ್ತಾರೆ ವೈದ್ಯರು. ಇದನ್ನು ಪತಿಯೊಂದಿಗೆ ಮೊದಲೇ ಮಾತಾಡಿ. ಬೈಪಾಸ್ ಆದವರಿಗೆ ಸಿಹಿ ತಿಂದೊಡನೆ ಬೆವರು, ಎದೆಬಡಿತ, ತಲೆಸುತ್ತು ಬರಬಹುದು. ಆದ್ದರಿಂದ ಔತಣದಲ್ಲಿ ಯಾರನ್ನೂ ಬಲವಂತ ಮಾಡಬೇಡಿ. ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ನಿಯಮದಂತೆ, ಬಿಎಂಐ 40 ಅಥವಾ ತೀವ್ರ ಸಕ್ಕರೆ ಕಾಯಿಲೆಯಂಥ ತೊಂದರೆಯೊಂದಿಗೆ 35 ಇದ್ದವರಿಗೆ ವಿಮೆ ಸಿಗುವ ಅವಕಾಶವಿತ್ತು. ನಿಮ್ಮ ಪಾಲಿಸಿಯ ಷರತ್ತುಗಳನ್ನು ಓದಿ ನೋಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ವೈದ್ಯರು ಚಿಕ್ಕದು ಮಾಡುವುದು ಜಠರವನ್ನು ಮಾತ್ರ. ಮನೆಯ ಅಭ್ಯಾಸವನ್ನು ಬದಲಿಸಬೇಕಾದವರು ನಾವೇ. ಮೂರು ವರ್ಷಗಳಲ್ಲಿ ನಮ್ಮಿಬ್ಬರ ತೂಕವೂ ಒಂದೆರಡು ಕಿಲೋ ಮರಳಿ ಏರಿ, ಮತ್ತೆ ಎಚ್ಚರಿಸಿದೆ. ಪತಿ ಪತ್ನಿಯರು ಪರಸ್ಪರರಿಗೆ ಉಡುಪು ಎಂದು ಕುರ್‌ಆನ್ ಕಲಿಸುತ್ತದೆ. ಅಳತೆ ಬದಲಾದಾಗ ಉಡುಪನ್ನು ಎಸೆಯುವುದಿಲ್ಲ, ಹೊಲಿದು ಸರಿಪಡಿಸಿಕೊಳ್ಳುತ್ತೇವೆ. ನಿಮ್ಮ ಕಾಯಿಲೆಯನ್ನು ಸರದಿಯ ಕೊನೆಗೆ ತಳ್ಳಬೇಡಿ. ಅಲ್ಲಾಹನು ನಮ್ಮೆಲ್ಲರ ಮನೆಗಳಿಗೂ ಆರೋಗ್ಯವನ್ನು ಕರುಣಿಸಲಿ. ಆಮೀನ್.