ಒಂದು ದಿರ್ಹಮಿನಷ್ಟು ಬಿಳುಪು

2004ರ ಬೇಸಿಗೆಯಲ್ಲಿ ತಮ್ಮನಿಗೆ ಹೆಣ್ಣು ನೋಡಲು ನಾವು ಇಳಕಲ್ಲಿನಿಂದ ಬಾದಾಮಿಗೆ ಹೋಗಿದ್ದೆವು. ಅಮ್ಮಾ, ಖಾಲಾ ಮತ್ತು ನಾನು. ದಾರಿಯಲ್ಲಿ ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡೆವು. ಹುಡುಗಿ ಲಕ್ಷಣವಾಗಿದ್ದಳು, ಪಿಯುಸಿ ಓದಿದ್ದಳು, ಕುರ್‌ಆನ್ ಸ್ಪಷ್ಟವಾಗಿ ಓದುತ್ತಿದ್ದಳು. ಚಹಾದ ತಟ್ಟೆ ಇಟ್ಟು ಏಳುವಾಗ ಆಕೆಯ ಕಾಲಿನ ಹರಡಿನ ಮೇಲೆ ಎಂಟಾಣೆಯಗಲದ ಬಿಳಿ ಮಚ್ಚೆಯೊಂದು ನನ್ನ ಕಣ್ಣಿಗೆ ಬಿತ್ತು. ಅಮ್ಮಾ ನೋಡಿರಲಿಲ್ಲ. ಮರಳುವ ಬಸ್ಸಿನಲ್ಲಿ ನಾನೇ ಹೇಳಿದೆ. "ತೊನ್ನು ಐತಿ ಅಮ್ಮಾ. ನಾಳೆ ಮಕ್ಕಳಿಗೂ ಬರ್ತದ."

ಹುನಗುಂದ ಬರುವಷ್ಟರಲ್ಲಿ ಆ ಸಂಬಂಧ ಮುಗಿದಿತ್ತು. ಅವರ ಮನೆಗೆ ನಿಜವಾದ ಕಾರಣವನ್ನೂ ತಿಳಿಸಲಿಲ್ಲ. ಇಸ್ತಿಖಾರಾದಲ್ಲಿ ಮನಸ್ಸು ಒಪ್ಪಲಿಲ್ಲ ಎಂದು ಹೇಳಿ ಕಳಿಸಿದೆವು. ನಾವು ಇಸ್ತಿಖಾರಾ ಮಾಡಿಯೇ ಇರಲಿಲ್ಲ. ಆಗ ನನಗೆ ಇಪ್ಪತ್ತೈದು ವರ್ಷ. ಮದ್ರಸಾದ ಓದು ಮುಗಿಸಿ, ಮನೆಯಲ್ಲೇ ಓದಿ ಬಿ.ಎ. ಪಾಸು ಮಾಡಿದ ಹೆಮ್ಮೆ ತಲೆಯಲ್ಲಿತ್ತು.

ಮೂರು ವರ್ಷಗಳ ಹಿಂದೆ ಹುನಗುಂದದ ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಬಲಗೈ ಬೆರಳುಗಳ ಮೇಲೆ ಸೀಮೆಸುಣ್ಣದ ಪುಡಿ ಅಂಟಿದೆ ಅಂದುಕೊಂಡು ಒರೆಸಿದೆ. ಹೋಗಲಿಲ್ಲ. ಕೆಲವು ತಿಂಗಳಲ್ಲಿ ಮಣಿಕಟ್ಟಿನ ಮೇಲೂ, ಸಲ್ವಾರಿನ ನಾಡಾ ಬಿಗಿಯುವ ಸೊಂಟದ ಸುತ್ತಲೂ ಬಿಳುಪು ಮೂಡಿತು.

ಬುರ್ಖಾದ ತೋಳನ್ನು ಬೆರಳಿನವರೆಗೆ ಎಳೆದುಕೊಳ್ಳುವುದು ರೂಢಿಯಾಯಿತು. ಅತ್ತೆ ನನ್ನ ಊಟದಿಂದ ಹುಣಸೆ, ನಿಂಬೆ, ಮೊಸರು ಎಲ್ಲ ತೆಗೆದುಬಿಟ್ಟರು. ಮೀನು ತಿಂದು ಹಾಲು ಕುಡಿದದ್ದೇ ಇದಕ್ಕೆಲ್ಲ ಕಾರಣ ಎಂದರು. (ನಾನು ಮೀನು ಮುಟ್ಟುವವಳೇ ಅಲ್ಲ.) ಯಾರೋ ಹೇಳಿದ ನಾಟಿ ವೈದ್ಯರೊಬ್ಬರು ಬಾವಂಚಿ ಬೀಜ ಅರೆದ ಲೇಪ ಕೊಟ್ಟು, ಹಚ್ಚಿಕೊಂಡು ಬಿಸಿಲಿನಲ್ಲಿ ಕೂರಲು ಹೇಳಿದರು. ಎಷ್ಟು ಹಚ್ಚಬೇಕು, ಎಷ್ಟು ಹೊತ್ತು ಕೂರಬೇಕು ಎಂಬ ಅಳತೆಯೇ ಇಲ್ಲ. ಎರಡು ದಿನಗಳಲ್ಲಿ ಮಣಿಕಟ್ಟಿನ ಮೇಲೆ ನೀರು ತುಂಬಿದ ಬೊಬ್ಬೆಗಳೆದ್ದವು. ಆ ನೋವೇ ನನ್ನನ್ನು ಬಾಗಲಕೋಟೆಯ ಚರ್ಮರೋಗ ತಜ್ಞೆಯ ಬಳಿಗೆ ಕರೆದೊಯ್ದಿತು.

ಅವರು ಮೊದಲು ನನಗೆ ಕಣ್ಣು ಮುಚ್ಚಲು ಹೇಳಿ, ಹತ್ತಿಯ ಎಳೆಯಿಂದ ಬೆರಳನ್ನು ಮುಟ್ಟಿದರು. "ಗೊತ್ತಾತಲ್ರೀ? ಕುಷ್ಠದ ಮಚ್ಚಿ ಇದ್ರ ಅಲ್ಲಿ ಮುಟ್ಟಿದ್ದು ಸರಿಯಾಗಿ ತಿಳಿಯೂದಿಲ್ಲ. ಇದು ಅದಲ್ಲ. ಯಾರಿಗೂ ಅಂಟೂದಿಲ್ಲ." ಆಮೇಲೆ ಊರು ಕೇಳಿದರು. ಇಳಕಲ್ ಎಂದಾಗ, "ಹಂಗಾರ ಸೀರಿ ನೂಲಿಗೆ ಬಣ್ಣ ಹಾಕೂದು ನೋಡೀರಿ" ಎಂದು ನಕ್ಕು ತಿಳಿಸತೊಡಗಿದರು.

ನಮ್ಮ ಚರ್ಮದಲ್ಲೂ ಬಣ್ಣ ತಯಾರಿಸುವವರಿದ್ದಾರೆ. ಮೆಲನೋಸೈಟ್ ಎಂಬ ಜೀವಕೋಶಗಳು. ಬಣ್ಣ ಕುದಿಸುವ ಕೋಣೆಯಲ್ಲಿ ಹೊಗೆ ಏಳುವಂತೆ, ಅವು ಬಣ್ಣ ತಯಾರಿಸುವಾಗ ಹೈಡ್ರೋಜನ್ ಪೆರಾಕ್ಸೈಡ್‌ನಂತಹ ಸುಡುವ ಪದಾರ್ಥಗಳೂ ಹುಟ್ಟುತ್ತವೆ. ಅವನ್ನು ಆಗಿಂದಾಗ ನಿರುಪದ್ರವಿ ಮಾಡಲು ದೇಹದಲ್ಲಿ ಕಿಣ್ವಗಳಿವೆ. ಕ್ಯಾಟಲೇಸ್ ಅವುಗಳಲ್ಲಿ ಒಂದು. ತೊನ್ನು ಇರುವವರ ಚರ್ಮದಲ್ಲಿ ಈ ಕ್ಯಾಟಲೇಸ್ ಕಡಿಮೆಯಿರುವುದನ್ನು ಕರಿನ್ ಶಾಲ್‌ರಾಯ್ಟರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದರು. ಹೊಗೆ ಹೋಗಲು ಕಿಂಡಿಯೇ ಇಲ್ಲದ ಕೋಣೆಯಲ್ಲಿ ಬಣ್ಣಗಾರನ ಗತಿ ಏನಾದೀತು? ಇದನ್ನೇ ಆಕ್ಸಿಡೇಟಿವ್ ಸ್ಟ್ರೆಸ್ ಎನ್ನುತ್ತಾರೆ.

'ಸ್ಟ್ರೆಸ್' ಎಂದದ್ದೇ ತಡ, ಪಕ್ಕದಲ್ಲಿದ್ದ ನನ್ನ ಯಜಮಾನರು, "ನೋಡು, ನೀ ಭಾಳ ಟೆನ್ಶನ್ ಮಾಡ್ಕೋತಿ ಅಂತ ಹೇಳ್ತಿದ್ನಿಲ್ಲ?" ಎಂದರು. ಡಾಕ್ಟರ್ ತಲೆಯಾಡಿಸಿದರು. ಇದು ಮನಸ್ಸಿನ ಒತ್ತಡದ ಮಾತಲ್ಲ, ಕೋಶದೊಳಗಿನ ಒತ್ತಡ. ಹಾಗೆ ಬಳಲಿದ ಕೋಶ ಅಪಾಯದ ಸಂಕೇತಗಳನ್ನು ಹೊರಡಿಸುತ್ತದೆ. ಅದನ್ನು ಕೇಳಿ ಬಂದ ದೇಹದ ಕಾವಲುಪಡೆ ಶತ್ರುವೆಂದು ತಪ್ಪು ತಿಳಿದು ಬಣ್ಣದ ಕೋಶಗಳನ್ನೇ ಕೊಲ್ಲುತ್ತದೆ. ಈ ಕಾವಲುಪಡೆ ಕೆಲವರಲ್ಲಿ ಥೈರಾಯ್ಡ್ ಗ್ರಂಥಿಯ ಮೇಲೂ ತಿರುಗಿ ಬೀಳುವುದರಿಂದ ನನಗೆ ಆ ಪರೀಕ್ಷೆಯನ್ನೂ ಬರೆದುಕೊಟ್ಟರು. ಚರ್ಮಕ್ಕೆ ಪದೇಪದೇ ಗಾಯ, ಉಜ್ಜು ಆದಲ್ಲಿ ಬಿಳುಪು ಬೇಗ ಕಾಣಿಸುತ್ತದಂತೆ. ನಾಡಾ ಸಡಿಲ ಕಟ್ಟಿಕೊಳ್ಳಲು ಹೇಳಿದರು. ಮುಖ ಬೆಳ್ಳಗಾಗಿಸುವ ಕ್ರೀಮುಗಳ ಬಗ್ಗೆ ಕೇಳಿದಾಗ ಜಪಾನಿನ ಸಂಗತಿ ಹೇಳಿದರು. ಅಲ್ಲಿ ರೋಡೋಡೆನಾಲ್ ಎಂಬ ಪದಾರ್ಥವಿದ್ದ ಕ್ರೀಮುಗಳನ್ನು 2013ರಲ್ಲಿ ಹಿಂದಕ್ಕೆ ಪಡೆಯಬೇಕಾಯಿತು. ಸಾವಿರಾರು ಮಹಿಳೆಯರ ಮುಖ, ಕತ್ತು, ಕೈಗಳ ಮೇಲೆ ಬಿಳಿ ಮಚ್ಚೆಗಳೆದ್ದಿದ್ದವು. ಬಣ್ಣದ ಕೋಶದೊಳಗೆ ಹೋಗಿ ಅದು ವಿಷವಾಗಿ ಮಾರ್ಪಟ್ಟಿತ್ತು.

ಶಾಲೆಗೆ ಮರಳಿದ ಮೇಲೆ ನಮ್ಮ ವಿಜ್ಞಾನದ ಟೀಚರಿಗೆ ಇದನ್ನೆಲ್ಲ ಹೇಳಿದೆ. ಅವರು ಔಷಧದಂಗಡಿಯಿಂದ ಗಾಯ ತೊಳೆಯುವ ಪೆರಾಕ್ಸೈಡ್ ತರಿಸಿ, ಹಸಿ ಆಲೂಗಡ್ಡೆಯ ತುಂಡಿನ ಮೇಲೆ ಹನಿಸಿದರು. ಬುಸುಬುಸು ನೊರೆ ಬಂತು. ಆಲೂಗಡ್ಡೆಯಲ್ಲಿರುವ ಕ್ಯಾಟಲೇಸ್ ಪೆರಾಕ್ಸೈಡನ್ನು ಒಡೆದು ನೀರು ಮತ್ತು ಆಮ್ಲಜನಕ ಮಾಡಿತ್ತು. ಬೇಯಿಸಿದ ಆಲೂಗಡ್ಡೆಯ ಮೇಲೆ ಹನಿಸಿದಾಗ ನೊರೆಯೇ ಇಲ್ಲ. ಮಕ್ಕಳು ಚಪ್ಪಾಳೆ ಹೊಡೆದರು. ನಾನು ತೋಳು ಸರಿಸಿ ಕೈ ತೋರಿಸಿದ್ದು ಅಂದೇ ಮೊದಲು. "ಟೀಚರ್, ನೋಯ್ತದೇನ್ರಿ?" ಎಂದು ಒಬ್ಬಳು ಕೇಳಿದಳು, ಅಷ್ಟೇ.

ಹಾಗಾದರೆ ವಿಟಮಿನ್ ಮಾತ್ರೆ ನುಂಗಿದರೆ ಸಾಕೇ ಎಂದು ನಾನೂ ಕೇಳಿದ್ದೆ. ಬೆಳಕಿನ ಚಿಕಿತ್ಸೆಯ ಜೊತೆ ಕೆಲವರಿಗೆ ಸ್ವಲ್ಪ ಸಹಾಯವಾಗಬಹುದು, ಅದೊಂದರಿಂದಲೇ ಗುಣವಾಗುತ್ತದೆ ಎನ್ನಲು ಆಧಾರವಿಲ್ಲ ಎಂದರು. ನಿಂಬೆ, ಮೊಸರು ಬಿಡಬೇಕಿಲ್ಲ ಎಂದದ್ದನ್ನು ಅತ್ತೆಗೆ ಎರಡು ಸಲ ಹೇಳಬೇಕಾಯಿತು. ಹಚ್ಚಲು ಮುಲಾಮು, ವಾರಕ್ಕೆ ಎರಡು ಸಲ ಅಲ್ಟ್ರಾವಯಲೆಟ್ ದೀಪದ ಮುಂದೆ ಕೆಲವೇ ನಿಮಿಷ. ಇಳಕಲ್ಲಿನಿಂದ ಬಾಗಲಕೋಟೆಗೆ ಬಸ್ಸು ಹತ್ತಿಳಿಯುವುದೇ ದೊಡ್ಡ ಚಿಕಿತ್ಸೆ. ಆರು ತಿಂಗಳ ಮೇಲೆ ಮಣಿಕಟ್ಟಿನ ಬಿಳುಪಿನ ನಡುವೆ ಕೂದಲಿನ ಬುಡಗಳಲ್ಲಿ ಸಾಸಿವೆಯಂತೆ ಕಂದು ಚುಕ್ಕೆಗಳು ಕಂಡವು. ಹೊಸ ಬಣ್ಣದ ಕೋಶಗಳು ಅಲ್ಲಿಂದಲೇ ಮೇಲೆ ಬರುತ್ತವಂತೆ. ಬೆರಳ ತುದಿಯಲ್ಲಿ ಕೂದಲಿಲ್ಲ, ಅಲ್ಲಿ ಬಿಳುಪು ಹಾಗೇ ಇದೆ.

ಬಾವಂಚಿಯೂ ಸುಳ್ಳು ಔಷಧವಲ್ಲ ಎಂದು ಡಾಕ್ಟರೇ ಹೇಳಿದರು. ಅದರಲ್ಲಿರುವ ಸೋರಲೆನ್ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತದೆ, ಅಳತೆ ತಪ್ಪಿದರೆ ಸುಡುತ್ತದೆ. ಇಂಥದ್ದೇ ಗುಣದ ಆತ್ರೀಲಾಲ್ ಎಂಬ ಬೀಜವನ್ನು ಹದಿಮೂರನೇ ಶತಮಾನದಲ್ಲಿ ಇಬ್ನುಲ್ ಬೈತಾರ್ ತೊನ್ನಿಗೆ ಸೂಚಿಸಿದ್ದರು. 1940ರ ದಶಕದಲ್ಲಿ ಕೈರೋದ ಡಾ. ಅಬ್ದುಲ್ ಮುನ್‌ಇಮ್ ಅಲ್ ಮುಫ್ತಿ ಅದರ ಸಾರವನ್ನು ಬೇರ್ಪಡಿಸಿದ ರೂಪದಲ್ಲಿ, ಅಳತೆಯಿಟ್ಟು ರೋಗಿಗಳಿಗೆ ಕೊಟ್ಟು ನೋಡಿದರು.

ಆ ದಿನಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಮದ್ರಸಾದಲ್ಲಿ ಓದಿದ ಒಂದು ಹದೀಸ್. ಯಮನಿನಿಂದ ಬರುವ ಉವೈಸುಲ್ ಕರ್ನಿಯವರಿಗೆ 'ಬರಸ್' ಇತ್ತು, ಒಂದು ದಿರ್ಹಮಿನಷ್ಟು ಜಾಗ ಬಿಟ್ಟು ಉಳಿದದ್ದು ವಾಸಿಯಾಗಿದೆ, ಸಾಧ್ಯವಾದರೆ ಅವರಿಂದ ನಿಮ್ಮ ಪಾಪಕ್ಷಮೆಗಾಗಿ ಪ್ರಾರ್ಥನೆ ಮಾಡಿಸಿಕೊಳ್ಳಿ ಎಂದು ಪ್ರವಾದಿವರ್ಯರು(ಸ) ಹ. ಉಮರ್(ರ)ರಿಗೆ ತಿಳಿಸಿದ್ದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಉಮರ್(ರ) ಖಲೀಫರಾದ ಮೇಲೂ ಯಮನಿನ ತಂಡಗಳಲ್ಲಿ ಅವರನ್ನು ವಿಚಾರಿಸುತ್ತಿದ್ದರು. ಇದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಅಂಕ ಪಡೆದವಳು ನಾನು. ತೊನ್ನಿಗೆ ಬರಸ್, ಕುಷ್ಠಕ್ಕೆ ಜುಝಾಮ್ ಎಂದು ಅರಬಿಯಲ್ಲಿ ಬೇರೆ ಬೇರೆ ಹೆಸರುಗಳಿರುವುದೂ ನನಗೆ ಗೊತ್ತಿತ್ತು. ಆ ಕುಷ್ಠವನ್ನೂ 2019ರ ತಿದ್ದುಪಡಿ ವಿಚ್ಛೇದನದ ಕಾರಣಗಳಿಂದ ತೆಗೆದುಹಾಕಿದೆ. 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆಯಿಂದಲೂ ಆ ಪದ ಹೋಗಿದೆ.

ಕಳೆದ ಚಳಿಗಾಲದಲ್ಲಿ ಬಾದಾಮಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಹೊತ್ತಿಗೆ ಆಕೆ ಕಂಡಳು. ಪಾದಗಳೆರಡೂ ಬೆಳ್ಳಗಾಗಿದ್ದವು, ತುಟಿಯಂಚಿನಲ್ಲೂ ಬಿಳುಪಿತ್ತು. ಜೊತೆಯಲ್ಲಿ ಕಾಲೇಜಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ಇಬ್ಬರಿಗೂ ಒಂದು ಚುಕ್ಕೆಯೂ ಇರಲಿಲ್ಲ. ಈ ರೋಗ ಇರುವವರ ಮಕ್ಕಳಲ್ಲಿ ಬಹುಪಾಲು ಮಂದಿಗೆ ಅದು ಬರುವುದಿಲ್ಲ ಎಂದು ಡಾಕ್ಟರ್ ಹೇಳಿದ್ದು ನೆನಪಾಯಿತು. ನಾನು ತೋಳು ಎಳೆದುಕೊಳ್ಳುವ ಮೊದಲೇ ಆಕೆ ನನ್ನ ಕೈ ಹಿಡಿದು ಬೆರಳುಗಳನ್ನು ನೋಡಿದಳು.

"ಎಲ್ಲಿ ತೋರಸ್ತೀರಿ ಆಪಾ? ನಿಮ್ಮ ಮಣಿಕಟ್ಟಿನ್ಯಾಗ ಬಣ್ಣ ಬರಾಕತ್ತೇತಲ್ಲ!"

ಡಾಕ್ಟರ ಹೆಸರು, ಅವರು ಕೂರುವ ವಾರ, ಬಸ್ಸಿನ ವೇಳೆ ಎಲ್ಲ ಬರೆದುಕೊಟ್ಟೆ. ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು, "ಇಳಕಲ್ಲಿನವರಾ?" ಎಂದು ಕೇಳಿದಳು. ಹೌದೆಂದೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, ಮಗಳನ್ನು ಕರೆದು, ಆಪಾಗೆ ಖೀರ್ ತಂದುಕೊಡು ಎಂದಳು.