ದೇವಗಡದಾಚೆ ಗಾಳ ಇಳಿಬಿಟ್ಟು

ಕಾರವಾರದ ಬೈತಖೋಲ ಬಂದರು, ಬೆಳಗಿನ ಐದೂವರೆ. ನೀವಿನ್ನೂ ಸ್ವೆಟರ್ ಬಿಚ್ಚಿಲ್ಲ. ನಿನ್ನೆ ಅಬ್ಬಿಗೇರಿ ಬಿಡುವಾಗ ಅದು ಬೇಕಾಗಿತ್ತು; ಎರಿ ಹೊಲದ ಬಿಳಿಜೋಳವೆಲ್ಲ ಇಬ್ಬನಿಯಲ್ಲಿ ತೊಯ್ದು ನಿಂತಿತ್ತು. ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಷ್ಟರಲ್ಲಿ ಕುತ್ತಿಗೆ ಬೆವರತೊಡಗಿತು. ಇಲ್ಲಿ ದೋಣಿ ನಡೆಸುವ ತಾಂಡೇಲರು ಬರೀ ಬನಿಯನ್ ಮೇಲೆ ನಿಂತು ಡೀಸೆಲ್ ಸುರಿಯುತ್ತಿದ್ದಾರೆ. ಬಗ್ಗಿ ನೀರಿಗೆ ಕೈ ಹಾಕುತ್ತೀರಿ. ಬೆಚ್ಚಗಿದೆ. ಜನವರಿಯಲ್ಲೂ ಈ ಕಡಲ ನೀರು 28 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ.

ಫೈಬರ್ ದೋಣಿ. ನೀವು ಐದು ಜನ ಸೇರಿ ಮಧ್ಯಾಹ್ನದವರೆಗೆ ಬಾಡಿಗೆಗೆ ಹಿಡಿದದ್ದು. ಹಲಗೆಯ ಕೆಳಗೆ ಐಸ್ ಪೆಟ್ಟಿಗೆ, ಬಕೆಟ್ಟಿನಲ್ಲಿ ಗಾಳಕ್ಕೆ ಸಿಕ್ಕಿಸಲು ತಾರ್ಲೆ ಮೀನು. ತಾಂಡೇಲರು ಮುಗ್ಗುಲು ವಾಸನೆಯ ಕಿತ್ತಳೆ ಬಣ್ಣದ ಲೈಫ್ ಜಾಕೆಟ್‌ಗಳನ್ನು ಒಬ್ಬೊಬ್ಬರ ಮಡಿಲಿಗೆ ಎಸೆಯುತ್ತಾರೆ.

"ನಮಗ ಈಜು ಬರ್ತೈತ್ರಿ ಯಜಮಾನ್ರ, ಇದ್ಯಾಕ?" ನಿಮ್ಮ ಜೊತೆಗಾರ ಕೇಳುತ್ತಾನೆ.

"ಎಲ್ಲಿ ಈಜಿದ್ದು?"

"ಹೊಳಿಆಲೂರಾಗ, ಮಲಪ್ರಭಾ ಹೊಳ್ಯಾಗ."

"ಹೊಳೇಲಿ ದಂಡೆ ಕಾಣ್ತದೆ. ಹಾಕ್ಕೊಳ್ಳಿ."

ಎಂಜಿನ್ ಸದ್ದು ಮಾಡುತ್ತದೆ. ಗಾಳಿ ಬೆನ್ನಿಗೆ ಬಡಿಯುತ್ತಿದೆ, ಮೂಡಣದಿಂದ. ರಾತ್ರಿಯೆಲ್ಲ ತಣ್ಣಗಾದ ನೆಲದ ಗಾಳಿ ಕಡಲ ಕಡೆ ಹರಿಯುತ್ತದೆ. ಮಧ್ಯಾಹ್ನ ನೆಲ ಕಾದ ಮೇಲೆ ಅದೇ ಗಾಳಿ ಪಡುವಣದಿಂದ ತಿರುಗಿ ಬೀಸುತ್ತದೆ. ಎಂಜಿನ್ ಇಲ್ಲದ ಕಾಲದಲ್ಲಿ ಇಲ್ಲಿಯ ಹಾಯಿದೋಣಿಗಳು ಒಂದರ ಬಲದಿಂದ ಹೋಗಿ ಇನ್ನೊಂದರ ಬಲದಿಂದ ಮನೆ ಸೇರುತ್ತಿದ್ದವು. ಚಳಿಗಾಲದ ಕಡಲು ಶಾಂತ ಎಂದು ಘಟ್ಟದ ಮೇಲಿನವರು ಹೇಳಿಕೊಳ್ಳುವುದು ಅರ್ಧ ದಿನದ ಮಟ್ಟಿಗೆ ನಿಜ.

ಎಡಕ್ಕೆ ಅಂಜುದೀವ್ ದ್ವೀಪ. ಆ ಕಡೆ ನೌಕಾಪಡೆಯ ಕದಂಬ ನೆಲೆಯ ನೀರು, ಹತ್ತಿರ ಸುಳಿಯುವಂತಿಲ್ಲ. ಬಲಕ್ಕೆ ಕೂರ್ಮಗಡ. ಮುಂದೆ ದೇವಗಡದ ಬಂಡೆಯ ಮೇಲೆ 1864ರ ದೀಪಸ್ತಂಭ. ಅದನ್ನು ದಾಟಿದ್ದೇ ತಡ, ದೋಣಿಯ ನಡಿಗೆ ಬದಲಾಗುತ್ತದೆ. ಅಲೆ ಒಡೆಯುವುದಿಲ್ಲ, ಸದ್ದೂ ಇಲ್ಲ. ಸುಮ್ಮನೆ ಎತ್ತುತ್ತದೆ, ಇಳಿಸುತ್ತದೆ. ಬೆಳಿಗ್ಗೆ ತಿಂದ ಅವಲಕ್ಕಿ ಗಂಟಲಿಗೆ ಬರುತ್ತದೆ. "ನೀರು ನೋಡ್ಬೇಡಿ ಸಾಹೇಬ್ರೆ, ಗುಡ್ಡ ನೋಡಿ." ತಿರುಗಿ ನೋಡುತ್ತೀರಿ. ಸಹ್ಯಾದ್ರಿಯ ಸಾಲು ಮಂಜಿನ ಮೇಲೆ ಅಲುಗಾಡದೆ ನಿಂತಿದೆ. ಹೊಟ್ಟೆ ಸ್ವಲ್ಪ ಜಾಗಕ್ಕೆ ಬರುತ್ತದೆ.

ತಾಂಡೇಲರು ಎಂಜಿನ್ ನಿಧಾನ ಮಾಡಿ ಹಿಂದಿನಿಂದ ತಂಗೂಸಿ ದಾರ ಬಿಟ್ಟು ನಿಮ್ಮ ಕೈಗೆ ಕೊಡುತ್ತಾರೆ. ಗಾಳದ ಬುಡಕ್ಕೆ ಒಂದು ಗೇಣು ಉಕ್ಕಿನ ತಂತಿ. ಅದ್ಯಾಕೆ ಎಂದು ಕೇಳುವ ಮೊದಲೇ ಉತ್ತರ ಬರುತ್ತದೆ: ದಾರ ಒಮ್ಮೆಲೇ ಬಿಗಿದು, ಕೈ ಮುಂದಕ್ಕೆ ಜಗ್ಗಿ, ಬೆರಳಿಗೆ ಸುತ್ತಿಕೊಂಡ ಸೈಕಲ್ ಟ್ಯೂಬಿನ ತುಂಡು ಬಿಸಿಯಾಗುತ್ತದೆ. "ಬಿಡಿ, ಸ್ವಲ್ಪ ಬಿಡಿ... ಈಗ ಎಳೀರಿ!" ಬಿಡುತ್ತೀರಿ, ಎಳೆಯುತ್ತೀರಿ, ಮತ್ತೆ ಬಿಡುತ್ತೀರಿ. ನೀರಿನೊಳಗೆ ಬೆಳ್ಳಗೆ ಏನೋ ಹೊರಳುತ್ತದೆ. ತಾಂಡೇಲರು ಕೊಕ್ಕೆ ಹಾಕಿ ಒಳಗೆ ಎತ್ತಿಕೊಳ್ಳುತ್ತಾರೆ: ಇಸ್ವಾಣ. ಮಂಗಳೂರಿನವರ ಅಂಜಲ್. ತೋಳಿನುದ್ದ ಇದೆ. ಬೆನ್ನು ಹಸಿರು ಬೆರೆತ ನೀಲಿ, ಪಕ್ಕೆ ಬೆಳ್ಳಿ, ಅದರ ಮೇಲೆ ಅಡ್ಡಡ್ಡ ಮಸುಕು ಗೆರೆ. ಬಾಯಿ ತೆರೆದಾಗ ಕುಡಗೋಲಿನ ಕಕ್ಕಿನಂತೆ ಸಾಲು ಹಲ್ಲು. ತಂತಿ ಇಲ್ಲದಿದ್ದರೆ ದಾರ ಒಂದೇ ಕಡಿತಕ್ಕೆ ತುಂಡು. ನೀವು ನೋಡುತ್ತಿರುವಂತೆಯೇ ಆ ನೀಲಿ ಕಳೆಗುಂದಿ ಬೂದಿಯಾಗುತ್ತದೆ. ಪೇಟೆಯಲ್ಲಿ ಐಸಿನ ಮೇಲೆ ಮಲಗಿದ ಇಸ್ವಾಣ ಕಂಡವರಿಗೆ ಈ ಬಣ್ಣ ಗೊತ್ತಿರಲಿಕ್ಕಿಲ್ಲ.

ಆಮೇಲೆ ಎಂಜಿನ್ ಬಂದ್. ಲಂಗರು ಇಳಿಸಿ, ಸೀಸದ ಗುಂಡು ಕಟ್ಟಿದ ದಾರವನ್ನು ಮಾರುಗಟ್ಟಲೆ ತಳಕ್ಕೆ ಬಿಡುವುದು. ಮೀನು ತಾರ್ಲೆ ತುಂಡನ್ನು ಕುಟುಕಿದ್ದು ಬೆರಳಿಗೆ ಗೊತ್ತಾಗುತ್ತದೆ, ಎಳೆದರೆ ಬರಿ ಗಾಳ. ಹೀಗೇ ಬಹಳ ಹೊತ್ತು. ಬಿಸಿಲು ಏರುತ್ತದೆ, ಯಾರೂ ಮಾತಾಡುವುದಿಲ್ಲ.

ಕೊನೆಗೆ ಮೀನು ಹತ್ತಲು ಶುರುವಾದಾಗಲೇ ತಾಂಡೇಲರು ಲಂಗರು ಎತ್ತುತ್ತಾರೆ.

"ಈಗರ ಹತ್ತಾಕತ್ಯಾವ್ರಿ ಯಜಮಾನ್ರ, ಇನ್ನೊಂದ್ ತಾಸು ಇರೂಣು."

ಅವರು ಪಡುವಣಕ್ಕೆ ಕೈ ತೋರಿಸುತ್ತಾರೆ. ದೂರದ ನೀರು ಕಪ್ಪಗಾಗಿದೆ. ಕೆನ್ನೆಗೆ ಗಾಳಿ ಈಗ ಇನ್ನೊಂದು ಕಡೆಯಿಂದ ತಾಗುತ್ತಿದೆ.

ಬರುವಾಗ ಅಲೆ ಹಿಂದಿನಿಂದ ದೋಣಿಯ ಬಾಲ ಎತ್ತುತ್ತದೆ, ನೀರು ಎರಚಿ ಕಣ್ಣು ಉರಿಯುತ್ತದೆ. ಕೂರ್ಮಗಡ ಪಕ್ಕಕ್ಕೆ ಬಂದಾಗ ನಿಮ್ಮ ಜೊತೆಗಾರ ಯಾರೂ ಹೇಳದೆಯೇ ಜಾಕೆಟ್ಟಿನ ಪಟ್ಟಿ ಬಿಗಿಯುತ್ತಾನೆ. 2019ರ ಜನವರಿ 21ರಂದು ಈ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಇಲ್ಲೇ ಅಲೆಗೆ ಮಗುಚಿತ್ತು. 16 ಜನ ಸತ್ತರು. ಅವರಲ್ಲಿ ಹಾವೇರಿ ಜಿಲ್ಲೆಯ ಒಂದೇ ಮನೆತನದ ಹಲವರಿದ್ದರು, ಮಕ್ಕಳೂ ಇದ್ದರು. ನಮ್ಮ ಹಾಗೆಯೇ ಕಡಲು ನೋಡಲು ಘಟ್ಟ ಇಳಿದು ಬಂದವರು. ದೋಣಿಯಲ್ಲಿ ಜನ ಹೆಚ್ಚಾಗಿದ್ದರು, ಬಹಳ ಮಂದಿಯ ಮೈಮೇಲೆ ಜಾಕೆಟ್ ಇರಲಿಲ್ಲ. ಅಂದೂ ಚಳಿಗಾಲವೇ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಹೋಗುವುದಾದರೆ ಡಿಸೆಂಬರ್, ಜನವರಿಯೇ ಸರಿ. ಬೆಳಕು ಹರಿಯುವ ಮುಂಚೆ ಹೊರಡಿ, ತಾಂಡೇಲರು ಸಾಕೆಂದಾಗ ಚೌಕಾಸಿ ಮಾಡಬೇಡಿ. ದೋಣಿ ಗೊತ್ತುಮಾಡುವಾಗ ಮೊದಲು ಜಾಕೆಟ್‌ಗಳನ್ನು ಎಣಿಸಿಕೊಳ್ಳಿ, ಬಾಡಿಗೆಯ ಮಾತು ಆಮೇಲೆ.